ಮನೆಯಲ್ಲಿ ಸಾವಾದಾಗ ಮಕ್ಕಳಿಗೆ ಹೇಗೆ ಹೇಳಬೇಕು: ಹೆತ್ತವರಿಗೊಂದು ಸಮಗ್ರ ಮಾರ್ಗದರ್ಶಿ

ನಮ್ಮ ತಂದೆ ತಿಪಟೂರಿನ ಮನೆಯಲ್ಲಿ ತೀರಿಕೊಂಡ ರಾತ್ರಿ, ದೂರದ ಊರುಗಳಿಂದ ಬರಬೇಕಾದವರಿಗಾಗಿ ದೇಹವನ್ನು ಬೆಳಗಿನವರೆಗೆ ಇಟ್ಟುಕೊಳ್ಳಬೇಕಾಗಿದ್ದರಿಂದ ಬಾಡಿಗೆಗೆ ಫ್ರೀಜರ್ ಬಾಕ್ಸ್ ತರಿಸಿದ್ದೆವು. ಐದೂವರೆ ವರ್ಷದ ನನ್ನ ತಮ್ಮನ ಮಗ ಅದರ ಗಾಜಿನ ಮೇಲೆ ಅಂಗೈ ಇಟ್ಟು ನೋಡಿದ. ತಣ್ಣಗಿತ್ತು. ಒಳಗೆ ಹೋಗಿ, ತಾತ ದಿನಾ ಹೊದೆಯುತ್ತಿದ್ದ ಕಂಬಳಿಯನ್ನು ನೆಲದ ಮೇಲೆ ಎಳೆದುಕೊಂಡು ಬಂದು, ‘ತಾತಂಗೆ ಚಳಿ ಆಗ್ತಿದೆ, ಮುಚ್ಚಳ ತೆಗೀರಿ’ ಎಂದ. ಕೂತಿದ್ದವರಲ್ಲಿ ಒಬ್ಬರು ‘ತಾತ ಮಲಗಿದಾರೆ ಕಣೋ, ಗಲಾಟೆ ಮಾಡಬೇಡ’ ಎಂದು ಗದರಿದರು. ಇನ್ನೊಬ್ಬರು ಮಗುವನ್ನು ಪಕ್ಕದ ಮನೆಗೆ ಕಳಿಸಿಬಿಡಿ ಎಂದರು. ಹುಡುಗ ಕದಲಲಿಲ್ಲ. ಕೊನೆಗೆ ಅವನ ತಾಯಿ ಎದ್ದು ಬಂದು, ಅವನ ಎದುರು ಕುಕ್ಕರಗಾಲಿನಲ್ಲಿ ಕೂತು ಹೇಳಿದಳು: ‘ತಾತ ಮಲಗಿಲ್ಲ ಪುಟ್ಟ, ತೀರಿಕೊಂಡಿದಾರೆ. ಅಂದ್ರೆ ಅವರ ಉಸಿರು ನಿಂತುಹೋಗಿದೆ, ದೇಹ ಕೆಲಸ ಮಾಡೋದನ್ನ ಬಿಟ್ಟಿದೆ. ಅವರಿಗೆ ಈಗ ಚಳಿನೂ ಆಗಲ್ಲ, ನೋವೂ ಆಗಲ್ಲ.’ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ‘ಸೊಳ್ಳೆ ಕಚ್ಚಿದ್ರೂ?’ ಎಂದು ಕೇಳಿದ. ‘ಕಚ್ಚಿದ್ರೂ ಗೊತ್ತಾಗಲ್ಲ.’ ಅವನು ಕಂಬಳಿಯನ್ನು ಬಂದಂತೆ ಮಡಚಿ ತಾತನ ಕುರ್ಚಿಯ ಮೇಲೆ ಇಟ್ಟ.

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನಾನು, ಮನೆಯಲ್ಲಿ ಸಾವು ಕಂಡು ತರಗತಿಗೆ ಮರಳಿದ ಅನೇಕ ಮಕ್ಕಳನ್ನು ಹತ್ತಿರದಿಂದ ನೋಡಿದ್ದೇನೆ. ಅವರಲ್ಲಿ ಬಹುಪಾಲು ಮಕ್ಕಳನ್ನು ಸಾವಿಗಿಂತ ಹೆಚ್ಚಾಗಿ ಕಾಡಿದ್ದು ಸಾವಿನ ಬಗ್ಗೆ ತಮಗೆ ಹೇಳಿದ ಅರೆಬರೆ ಮಾತು, ಅಥವಾ ಯಾರೂ ಏನನ್ನೂ ಹೇಳದೆ ಉಳಿಸಿಬಿಟ್ಟ ಮೌನ. ನನ್ನ ತಮ್ಮನ ಹೆಂಡತಿ ಆ ರಾತ್ರಿ ಯಾವ ಪುಸ್ತಕವನ್ನೂ ಓದಿರಲಿಲ್ಲ. ಆದರೂ ಚಿಕ್ಕ ವಾಕ್ಯಗಳಲ್ಲಿ, ನಿಜವಾದ ಮಾತಿನಲ್ಲಿ, ಮಗು ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಟ್ಟಿದ್ದಳು. ಮುಂದೆ ಬರೆದಿರುವುದೆಲ್ಲ ಅಂಥ ಒಂದು ಉತ್ತರವನ್ನು ದುಃಖದ ನಡುವೆಯೂ ಕೊಡಲು ಬೇಕಾಗುವ ಸಿದ್ಧತೆಯ ಬಗ್ಗೆ.

ಮೊದಲ ಹೆಜ್ಜೆ: ಯಾರು ಹೇಳಬೇಕು, ಎಷ್ಟು ಬೇಗ ಹೇಳಬೇಕು

ಮಗು ಯಾರನ್ನು ಅತಿ ಹೆಚ್ಚು ನೆಚ್ಚಿಕೊಂಡಿದೆಯೋ ಅವರೇ ಸುದ್ದಿಯನ್ನು ಹೇಳಬೇಕು. ತಂದೆ ಹೋದ ಮನೆಯಲ್ಲಿ ಅದು ತಾಯಿ, ತಾಯಿ ಹೋದ ಮನೆಯಲ್ಲಿ ತಂದೆ. ಅವರು ಮಾತಾಡುವ ಸ್ಥಿತಿಯಲ್ಲಿಲ್ಲದಿದ್ದರೆ ಸೋದರಮಾವನೋ ಚಿಕ್ಕಮ್ಮನೋ ಹೇಳಬಹುದು, ಆದರೆ ಆಗಲೂ ಹೆತ್ತವರು ಪಕ್ಕದಲ್ಲಿ ಕೂತು ಮಗುವಿನ ಕೈ ಹಿಡಿದುಕೊಂಡಿರುವುದು ಒಳ್ಳೆಯದು. ಹೇಳುವಾಗ ಅತ್ತರೆ ತಪ್ಪೇನೂ ಇಲ್ಲ. ದೊಡ್ಡವರು ಅತ್ತು, ಕಣ್ಣೊರೆಸಿಕೊಂಡು, ಮತ್ತೆ ಮಾತಿಗೆ ತೊಡಗುವುದನ್ನು ನೋಡಿದ ಮಗುವಿಗೆ ಅಳುವಿಗೂ ಒಂದು ಕೊನೆಯಿದೆ ಎಂಬುದು ತಿಳಿಯುತ್ತದೆ.

ಒಂದೆರಡು ಗಂಟೆಯೊಳಗೆ ಹೇಳಿಬಿಡಿ, ಏಕೆಂದರೆ ನೀವು ತಡಮಾಡಿದಷ್ಟೂ ಬೇರೆ ಯಾರೋ ಹೇಳುವ ಸಾಧ್ಯತೆ ಹೆಚ್ಚುತ್ತದೆ. ಹಿಂದೆ ಆ ‘ಬೇರೆ ಯಾರೋ’ ಪಕ್ಕದ ಮನೆಯ ಹುಡುಗ ಆಗಿರುತ್ತಿದ್ದ. ಈಗ ಅದು ವಾಟ್ಸ್ಆ್ಯಪ್ ಸ್ಟೇಟಸ್. ಆಸ್ಪತ್ರೆಯಿಂದ ದೇಹ ಮನೆಗೆ ಬರುವ ಮೊದಲೇ ಯಾರೋ ನೆಂಟರು ‘ಓಂ ಶಾಂತಿ’ ಎಂದು ಬರೆದು ಫೋಟೊ ಹಾಕಿರುತ್ತಾರೆ, ಟ್ಯೂಷನ್‌ನಲ್ಲಿ ಕೂತಿರುವ ಹುಡುಗಿ ತನ್ನ ಅಪ್ಪನ ಮುಖವನ್ನು ಅಲ್ಲಿ ನೋಡುತ್ತಾಳೆ. ಆದ್ದರಿಂದ ಮಕ್ಕಳಿಗೆ ತಿಳಿಸುವವರೆಗೆ ಯಾರೂ ಏನನ್ನೂ ಹಾಕಬಾರದೆಂದು ಬಂಧುಗಳಿಗೆ ಖಂಡಿತವಾಗಿ ಹೇಳಿ; ಇದನ್ನು ಹೇಳುವ ಕೆಲಸವನ್ನು ಮನೆಯ ಒಬ್ಬರಿಗೆ ವಹಿಸಿಬಿಡಿ.

ಹಾಸ್ಟೆಲಿನಲ್ಲಿರುವ ಮಕ್ಕಳ ವಿಷಯದಲ್ಲಿ ನಮ್ಮಲ್ಲಿ ಒಂದು ರೂಢಿಯಿದೆ. ‘ಅಪ್ಪನಿಗೆ ಸ್ವಲ್ಪ ಹುಷಾರಿಲ್ಲ, ಹೊರಟು ಬಾ’ ಎಂದು ಫೋನ್ ಮಾಡುತ್ತಾರೆ. ಹುಡುಗ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದು ಬೀದಿಯ ತಿರುವಿನಲ್ಲಿ ಇಳಿದರೆ, ಮನೆಯ ಮುಂದೆ ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿಗಳು, ಅಂಗಳದ ಬದಿಯಲ್ಲಿ ಹೊತ್ತಿಸಿದ ಸೌದೆಯ ಬೆಂಕಿ. ಒಳ್ಳೆಯ ಉದ್ದೇಶದಿಂದಲೇ ಹೇಳಿದ ಈ ಸುಳ್ಳನ್ನು ಅನೇಕರು ವರ್ಷಗಟ್ಟಲೆ ಮರೆಯುವುದಿಲ್ಲ. ಇದಕ್ಕಿಂತ ಉತ್ತಮವಾದ ಕ್ರಮವೆಂದರೆ ಆ ಊರಿನಲ್ಲಿರುವ ನೆಂಟರನ್ನೋ ಪರಿಚಿತರನ್ನೋ ಹಾಸ್ಟೆಲಿಗೆ ಕಳಿಸಿ, ವಾರ್ಡನ್ ಜೊತೆ ಕೂತು ವಿಷಯ ತಿಳಿಸಿ, ಅವರೇ ಮಗುವನ್ನು ಕರೆದುಕೊಂಡು ಬರುವಂತೆ ಮಾಡುವುದು.

ಪರೀಕ್ಷೆಯ ಸಮಯದಲ್ಲಿ ಸಾವಾದರೆ? ತಂದೆಯ ಶವ ಮನೆಯಲ್ಲಿರುವಾಗಲೇ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದ ಹುಡುಗಿಯನ್ನು ಪತ್ರಿಕೆಗಳು ಸಾಹಸಿ ಎಂಬಂತೆ ವರ್ಣಿಸುವುದನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ವಿಷಯವನ್ನು ಮುಚ್ಚಿಟ್ಟು ಪರೀಕ್ಷೆ ಬರೆಸಬೇಡಿ. ತಿಳಿಸಿ, ಬರೆಯುವುದೋ ಬಿಡುವುದೋ ಎಂಬ ನಿರ್ಧಾರದಲ್ಲಿ ಅವಳ ಮಾತಿಗೂ ಬೆಲೆ ಕೊಡಿ. ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶಗಳು ಇರುವುದರಿಂದ, ಒಂದು ಪತ್ರಿಕೆ ತಪ್ಪಿದರೆ ವರ್ಷವೇ ಹೋಯಿತೆಂಬ ಭಯಕ್ಕೆ ಮೊದಲಿನಷ್ಟು ಕಾರಣವಿಲ್ಲ.

ಎರಡನೆಯ ಹೆಜ್ಜೆ: ಮಾತನ್ನು ಆರಿಸಿಕೊಳ್ಳುವುದು

ಸಾವಿಗೆ ಕನ್ನಡದಲ್ಲಿ ಪದಗಳಿಗೆ ಬಡತನವಿಲ್ಲ: ತೀರಿಕೊಂಡರು, ಹೋಗಿಬಿಟ್ಟರು, ಕಣ್ಣುಮುಚ್ಚಿದರು, ದೈವಾಧೀನರಾದರು, ಲಿಂಗೈಕ್ಯರಾದರು, ಶಿವನ ಪಾದ ಸೇರಿದರು. ಇವೆಲ್ಲ ಗೌರವದ ಮಾತುಗಳು, ದೊಡ್ಡವರ ನಡುವೆ ಸರಿಯಾದ ಮಾತುಗಳು. ತೊಡಕಿರುವುದು ಮಗುವಿನ ಕಿವಿಗೆ ಅವು ಹೇಗೆ ಕೇಳಿಸುತ್ತವೆ ಎಂಬುದರಲ್ಲಿ. ‘ಹೋಗಿಬಿಟ್ಟರು’ ಎಂಬುದನ್ನೇ ನೋಡಿ. ನಮ್ಮ ಮನೆಗಳಲ್ಲಿ ಹೊರಡುವವರು ಎಂದೂ ‘ಹೋಗ್ತೀನಿ’ ಎನ್ನುವುದಿಲ್ಲ, ‘ಹೋಗಿ ಬರ್ತೀನಿ’ ಎನ್ನುತ್ತಾರೆ. ಹಾಗೆಂದೇ ಮಗುವಿಗೂ ಕಲಿಸಿರುತ್ತೇವೆ. ಹೋದವರು ಬರುತ್ತಾರೆ ಎಂಬ ಭಾಷೆಯಲ್ಲಿ ಬೆಳೆದ ಮಗು ಅಜ್ಜಿ ‘ಹೋದರು’ ಎಂದಾಗ ಗೇಟಿನ ಹತ್ತಿರ ಕಾಯುತ್ತ ಕೂತರೆ ಅದರ ತಪ್ಪಲ್ಲ. ‘ಮಲಗಿದ್ದಾರೆ’ ಎಂದು ಕೇಳಿದ ಮಗು ರಾತ್ರಿ ಮಲಗಲು ಹೆದರುತ್ತದೆ. ‘ದೇವರು ಕರೆದುಕೊಂಡ’ ಎಂದು ಕೇಳಿದ ಮಗು ದೇವರ ಮನೆಯ ಮುಂದೆ ನಿಲ್ಲಲು ಹೆದರುತ್ತದೆ, ಇಲ್ಲವೇ ತನ್ನನ್ನೂ ಕರೆದುಕೋ ಎಂದು ಕೇಳಿಕೊಳ್ಳುತ್ತದೆ. ‘ಹುಷಾರಿಲ್ಲದೆ ಹೋದರು’ ಎಂದಷ್ಟೇ ಹೇಳಿದರೆ ಮುಂದಿನ ವಾರ ತಾಯಿಗೆ ನೆಗಡಿಯಾದಾಗ ಮನೆಯಲ್ಲಿ ರಂಪವಾಗುತ್ತದೆ.

ಹಾಗೆಂದು ‘ಸತ್ತರು’ ಎಂದು ನೇರವಾಗಿ ಹೇಳೋಣವೆಂದರೆ, ಅದು ನಮ್ಮ ಕಿವಿಗೆ ಒರಟಾಗಿ ಕೇಳಿಸುತ್ತದೆ. ಹಿರಿಯರ ವಿಷಯದಲ್ಲಿ ಆ ಪದವನ್ನು ಬಾಯಿಬಿಟ್ಟು ಹೇಳುವುದು ಹೆಚ್ಚಿನವರಿಗೆ ಸಾಧ್ಯವಾಗುವುದಿಲ್ಲ. ಎರಡನ್ನೂ ಸೇರಿಸಿ ಹೇಳುವುದು ನಾನು ಕಂಡುಕೊಂಡ ದಾರಿ. ಗೌರವದ ಪದವನ್ನು ಮೊದಲು ಹೇಳಿ, ಅದರ ಅರ್ಥವನ್ನು ಕೂಡಲೇ ದೇಹದ ಮಾತಿನಲ್ಲಿ ಬಿಡಿಸಿ: ‘ಅಜ್ಜಿ ತೀರಿಕೊಂಡರು. ತೀರಿಕೊಳ್ಳೋದು ಅಂದ್ರೆ ಸಾಯೋದು. ಅವರ ಹೃದಯ ನಿಂತಿದೆ. ಇನ್ನು ಅವರು ಉಸಿರಾಡಲ್ಲ, ಊಟ ಮಾಡಲ್ಲ, ಎದ್ದು ಬರಲ್ಲ.’ ಇಷ್ಟನ್ನು ಹೇಳಿ ನಿಲ್ಲಿಸಿ. ಮಗು ಪ್ರಶ್ನೆ ಕೇಳಬಹುದು, ಅಳಬಹುದು, ಅಥವಾ ‘ನಾನು ಆಟ ಆಡ್ಲಾ?’ ಎನ್ನಬಹುದು. ಮೂರೂ ಸಹಜವೇ.

ಕಾರಣ ಹೇಳುವಾಗ ಕಾಯಿಲೆಯ ಹೆಸರನ್ನೇ ಹೇಳಿ. ‘ಅಜ್ಜಿಗೆ ಶ್ವಾಸಕೋಶದ ಕ್ಯಾನ್ಸರ್ ಇತ್ತು, ತುಂಬಾ ತುಂಬಾ ದೊಡ್ಡ ಕಾಯಿಲೆ, ಡಾಕ್ಟರ ಔಷಧಿಯಿಂದಲೂ ವಾಸಿಯಾಗಲಿಲ್ಲ’ ಎಂದರೆ, ಮಗುವಿನ ಮನಸ್ಸಿನಲ್ಲಿ ಆ ಕಾಯಿಲೆ ಮಾಮೂಲಿ ಜ್ವರದಿಂದ ಬೇರೆಯಾಗಿ ನಿಲ್ಲುತ್ತದೆ.

ಆತ್ಮ, ಸ್ವರ್ಗ, ನಕ್ಷತ್ರ, ಪುನರ್ಜನ್ಮ ಇವುಗಳನ್ನು ಹೇಳಲೇಬಾರದೇ ಎಂದು ಅಜ್ಜಂದಿರು ನನ್ನನ್ನು ಕೇಳುವುದುಂಟು. ಹೇಳಬಹುದು, ಆದರೆ ದೇಹದ ವಿಷಯವನ್ನು ಸ್ಪಷ್ಟಪಡಿಸಿದ ಮೇಲೆ, ‘ನಮ್ಮ ಮನೆಯಲ್ಲಿ ಹೀಗೆ ನಂಬ್ತೀವಿ’ ಎಂಬ ಮಾತನ್ನು ಸೇರಿಸಿ ಹೇಳಿ. ನೀವೇ ನಂಬದ್ದನ್ನು ಮಗುವಿನ ಸಮಾಧಾನಕ್ಕೆಂದು ಹೇಳಬೇಡಿ, ಏಕೆಂದರೆ ಎರಡನೆಯ ಪ್ರಶ್ನೆಗೆ ನಿಮ್ಮಲ್ಲಿ ಉತ್ತರವಿರುವುದಿಲ್ಲ.

ಮೂರನೆಯ ಹೆಜ್ಜೆ: ಯಾವ ವಯಸ್ಸಿಗೆ ಎಷ್ಟು ಅರ್ಥವಾಗುತ್ತದೆ

ಮರಿಯಾ ನಾಜ್ ಎಂಬ ಮನಶ್ಶಾಸ್ತ್ರಜ್ಞೆ ಹಂಗೆರಿಯ ಬುಡಾಪೆಸ್ಟ್ ಸುತ್ತಮುತ್ತಲಿನ ಮಕ್ಕಳನ್ನು ಮಾತಾಡಿಸಿ 1948ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಮೊದಲಿನವುಗಳಲ್ಲೊಂದು. ಐದು ವರ್ಷದೊಳಗಿನವರು ಸಾವನ್ನು ಒಂದು ಬಗೆಯ ಪ್ರಯಾಣ ಅಥವಾ ನಿದ್ದೆ ಎಂದು ಭಾವಿಸುತ್ತಾರೆ, ಐದರಿಂದ ಒಂಬತ್ತರವರೆಗಿನವರು ಅದನ್ನು ಬಂದು ಹಿಡಿದೊಯ್ಯುವ ವ್ಯಕ್ತಿಯಂತೆ ಕಲ್ಪಿಸಿಕೊಳ್ಳುತ್ತಾರೆ, ಅನಂತರವೇ ಅದು ಎಲ್ಲರಿಗೂ ಬರುವಂಥದು ಎಂಬ ಅರಿವು ಮೂಡುತ್ತದೆ ಎಂದು ಆಕೆ ಕಂಡರು. ಯಮ, ಕೋಣ, ಪಾಶಗಳ ಕಥೆ ಕೇಳಿ ಬೆಳೆದ ನಮ್ಮ ಮಕ್ಕಳ ವಿಷಯದಲ್ಲಿ ಎರಡನೆಯ ಮಾತು ಎಷ್ಟು ಸಹಜವೆಂದು ಬೇರೆ ಹೇಳಬೇಕಾಗಿಲ್ಲ. ಮುಂದಿನ ಸಂಶೋಧಕರು ಈ ಅರಿವನ್ನು ಬಿಡಿಬಿಡಿಯಾಗಿ ನೋಡಿದರು: ಸತ್ತವರು ಮರಳುವುದಿಲ್ಲ, ಸತ್ತ ದೇಹ ಏನನ್ನೂ ಮಾಡುವುದಿಲ್ಲ, ಬದುಕಿರುವ ಎಲ್ಲವೂ ಒಂದು ದಿನ ಸಾಯುತ್ತದೆ. ಐದರಿಂದ ಏಳು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಿಗೆ ಇವು ಹಿಡಿತಕ್ಕೆ ಬರತೊಡಗುತ್ತವೆ. ಆದರೆ ಮೂರೂ ಒಂದೇ ದಿನ ಬರುವುದಿಲ್ಲ.

ಕಂಬಳಿ ತಂದ ಹುಡುಗನಿಗೆ ತಾತ ಸತ್ತಿದ್ದಾರೆಂಬುದು ಗೊತ್ತಿತ್ತು. ಸತ್ತ ದೇಹಕ್ಕೆ ಚಳಿಯಾಗುವುದಿಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ. ಆದ್ದರಿಂದ ಉತ್ತರ ಕೊಡುವ ಮೊದಲು ‘ನಿನಗೆ ಏನನ್ನಿಸುತ್ತೆ?’ ಎಂದು ಕೇಳಿ, ಮಗುವಿಗೆ ಎಷ್ಟು ತಿಳಿದಿದೆ, ಎಲ್ಲಿ ತೊಡಕಿದೆ ಎಂಬುದನ್ನು ಅದರ ಬಾಯಿಂದಲೇ ತಿಳಿದುಕೊಳ್ಳಿ. ಚಿಕ್ಕವರು ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾರೆ. ಹತ್ತನೆಯ ಸಲವೂ ಅದೇ ಉತ್ತರವನ್ನು ಅದೇ ಪದಗಳಲ್ಲಿ ಕೊಡಿ. ಉತ್ತರ ಬದಲಾಗುವುದಿಲ್ಲ ಎಂಬುದನ್ನೇ ಅವರು ಪರೀಕ್ಷಿಸುತ್ತಿರುತ್ತಾರೆ.

ನಾಲ್ಕನೆಯ ಹೆಜ್ಜೆ: ಮಕ್ಕಳು ಕೇಳದೆ ಉಳಿಸಿಕೊಳ್ಳುವ ಮೂರು ಪ್ರಶ್ನೆಗಳು

ನನ್ನಿಂದ ಹೀಗಾಯಿತೇ? ಇದು ನನಗೂ ಬರುತ್ತದೆಯೇ? ಇನ್ನು ನನ್ನನ್ನು ಯಾರು ನೋಡಿಕೊಳ್ಳುತ್ತಾರೆ? ಈ ಮೂರನ್ನು ಮಗು ಕೇಳಲಿ ಬಿಡಲಿ, ನೀವಾಗಿಯೇ ಉತ್ತರಿಸಬೇಕು.

ಮೊದಲನೆಯದು ನಾವು ಊಹಿಸುವುದಕ್ಕಿಂತ ಹೆಚ್ಚು ಮಕ್ಕಳಲ್ಲಿರುತ್ತದೆ. ‘ನಿನ್ನ ಕಾಟಕ್ಕೆ ನನ್ನ ಜೀವ ಹೋಗುತ್ತೆ’ ಎಂದು ನಾವು ದಿನಕ್ಕೆ ನಾಲ್ಕು ಸಲ ಹೇಳಿರುತ್ತೇವೆ. ಜೀವ ನಿಜವಾಗಿಯೂ ಹೋದಾಗ ಮಗು ಆ ಮಾತನ್ನು ಎಲ್ಲಿಂದಲೋ ತೆಗೆದು ನೋಡಿಕೊಳ್ಳುತ್ತದೆ. ‘ನೀನು ಮಾಡಿದ್ದರಿಂದ, ಹೇಳಿದ್ದರಿಂದ, ಮನಸ್ಸಿನಲ್ಲಿ ಅಂದುಕೊಂಡಿದ್ದರಿಂದ ಅಪ್ಪ ತೀರಿಕೊಳ್ಳಲಿಲ್ಲ’ ಎಂದು ಈ ಮೂರನ್ನೂ ಬಿಡಿಸಿ ಹೇಳಿ. ‘ಮಗುವಿನ ಕಾಲ್ಗುಣ’ ಎಂದು ಪಿಸುಗುಟ್ಟುವ ನೆಂಟರು ಮನೆಯಲ್ಲಿದ್ದರೆ ಅವರ ಬಾಯಿ ಮುಚ್ಚಿಸುವುದು ಮನೆಯ ಹಿರಿಯರ ಕೆಲಸ, ಅದರಲ್ಲಿ ದಾಕ್ಷಿಣ್ಯ ಬೇಡ.

ಎರಡನೆಯದಕ್ಕೆ ಉತ್ತರ, ಮೇಲೆ ಹೇಳಿದಂತೆ, ಕಾಯಿಲೆಯ ಹೆಸರನ್ನೇ ಹೇಳಿ ಅದು ಮಾಮೂಲಿ ಜ್ವರದಂಥದಲ್ಲವೆಂದು ಬಿಡಿಸುವುದರಲ್ಲಿದೆ. ಮೂರನೆಯದಕ್ಕೆ ಉತ್ತರ ಸಣ್ಣ ಸಣ್ಣ ವಿವರಗಳಲ್ಲಿರಬೇಕು. ‘ನಾವೆಲ್ಲ ಇದ್ದೀವಲ್ಲ’ ಎಂಬುದರಿಂದ ಮಗುವಿಗೆ ಏನೂ ತಿಳಿಯುವುದಿಲ್ಲ. ಬೆಳಿಗ್ಗೆ ಜಡೆ ಹಾಕುವವರು ಯಾರು, ಸ್ಕೂಲ್ ವ್ಯಾನಿಗೆ ಬಿಡುವವರು ಯಾರು, ಇದೇ ಮನೆಯಲ್ಲಿ ಇರುತ್ತೇವೆಯೇ, ಇದೇ ಶಾಲೆಯೇ ಎಂಬುದನ್ನು ಹೇಳಿ. ‘ನೀನೂ ಸಾಯ್ತೀಯಾ?’ ಎಂದು ಮಗು ಕೇಳಿದರೆ ‘ಇಲ್ಲ’ ಎಂದು ಆಣೆ ಮಾಡಬೇಡಿ. ‘ಎಲ್ಲರೂ ಒಂದಿನ ಸಾಯ್ತಾರೆ. ನಾನು ಆರೋಗ್ಯವಾಗಿದೀನಿ, ನೀನು ದೊಡ್ಡೋಳಾಗೋವರೆಗೂ ಇರ್ತೀನಿ ಅಂತ ಅಂದುಕೊಂಡಿದೀನಿ. ಒಂದು ವೇಳೆ ಏನಾದ್ರೂ ಆದ್ರೆ ನಿನ್ನನ್ನ ಮಾವ-ಅತ್ತೆ ನೋಡ್ಕೋತಾರೆ’ ಎಂಬ ಉತ್ತರ ಹೇಳುವವರಿಗೆ ಕಷ್ಟವೆನಿಸಿದರೂ ಮಗುವಿಗೆ ಹಗುರವಾಗುತ್ತದೆ.

ಈ ಪ್ರಶ್ನೆಗಳು ಮನೆಯಲ್ಲಿ ಸಾವಾಗದಿದ್ದರೂ ಬರುತ್ತವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗ, ಕಂಠೀರವ ಕ್ರೀಡಾಂಗಣದ ದೃಶ್ಯಗಳು ಎರಡು ಮೂರು ದಿನ ಪ್ರತಿ ಮನೆಯ ಟಿವಿಯಲ್ಲಿ ಇದ್ದವು. ಮರುವಾರ ನನ್ನ ತರಗತಿಯಲ್ಲಿ ಒಬ್ಬ ಹುಡುಗ, ‘ಮಿಸ್, ನಮ್ಮಪ್ಪನೂ ಜಿಮ್‌ಗೆ ಹೋಗ್ತಾರೆ’ ಎಂದಷ್ಟೇ ಹೇಳಿ ನಿಲ್ಲಿಸಿದ. ಅದು ಪ್ರಶ್ನೆಯೆಂಬುದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಂಥ ಸಂದರ್ಭಗಳನ್ನು ಚಾನೆಲ್ ಬದಲಿಸಿ ತಪ್ಪಿಸಿಕೊಳ್ಳುವ ಬದಲು ಮಾತಿಗೆ ಬಳಸಿಕೊಳ್ಳಿ. ಮನೆಯಲ್ಲಿ ಸಾಕಿದ ನಾಯಿ ಸತ್ತಾಗಲೂ ಹಾಗೆಯೇ.

ಐದನೆಯ ಹೆಜ್ಜೆ: ಕೊನೆಯ ದರ್ಶನ ಮತ್ತು ಸಂಸ್ಕಾರ

ಮಕ್ಕಳನ್ನು ಪಕ್ಕದ ಮನೆಗೆ ಕಳಿಸಿಬಿಡುವುದು ನಮ್ಮಲ್ಲಿ ಹಳೆಯ ಅಭ್ಯಾಸ. ನನ್ನ ಅಭಿಪ್ರಾಯದಲ್ಲಿ, ನೋಡಬಯಸುವ ಮಗುವಿಗೆ ನೋಡಲು ಬಿಡಬೇಕು, ಬೇಡವೆನ್ನುವ ಮಗುವನ್ನು ಒತ್ತಾಯಿಸಬಾರದು. 2021ರ ಏಪ್ರಿಲ್-ಮೇ ತಿಂಗಳ ಕೋವಿಡ್ ಅಲೆಯಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಮಕ್ಕಳಲ್ಲಿ ಅನೇಕರು ಮುಖ ನೋಡಲಾಗಲಿಲ್ಲ. ಆಂಬ್ಯುಲೆನ್ಸ್ ಹತ್ತಿ ಹೋದವರು ಮರಳಲಿಲ್ಲ, ಅಷ್ಟೇ. ಅಂಥ ಒಬ್ಬ ವಿದ್ಯಾರ್ಥಿ ವರ್ಷವಾದ ಮೇಲೂ ಅಪ್ಪ ಬೇರೆ ಯಾವುದೋ ಆಸ್ಪತ್ರೆಯಲ್ಲಿ ಇರಬಹುದೇ ಎಂದು ನನ್ನನ್ನು ಕೇಳಿದ್ದ. ಕಣ್ಣಾರೆ ಕಾಣುವುದಕ್ಕೆ ಒಂದು ಬೆಲೆಯಿದೆ.

ಆದರೆ ಕಾಣುವುದಕ್ಕೆ ಮೊದಲು ಹೇಳಬೇಕು. ಒಳಗೆ ಕರೆದೊಯ್ಯುವ ಮುನ್ನ ಬಾಗಿಲಲ್ಲಿ ನಿಂತು, ಅಲ್ಲಿ ಏನಿರುತ್ತದೆ ಎಂಬುದನ್ನು ವಿವರಿಸಿ: ಅಜ್ಜಿಯನ್ನು ನೆಲದ ಮೇಲೆ ಮಲಗಿಸಿದ್ದಾರೆ, ತಲೆಯ ಹತ್ತಿರ ದೀಪ ಇದೆ, ಮೂಗಿಗೆ ಹತ್ತಿ ಇಟ್ಟಿದ್ದಾರೆ, ಗಲ್ಲಕ್ಕೆ ಬಟ್ಟೆ ಕಟ್ಟಿದ್ದಾರೆ, ಮುಟ್ಟಿದರೆ ತಣ್ಣಗಿರುತ್ತದೆ, ದೊಡ್ಡವರು ಜೋರಾಗಿ ಅಳುತ್ತಿರುತ್ತಾರೆ. ಲಿಂಗಾಯತ ಮನೆಗಳಲ್ಲಿ ವಿಭೂತಿ ಹಚ್ಚಿ, ಹಾರ ಹಾಕಿ ಕೂರಿಸಿರುತ್ತಾರೆ. ಕೂತಿದ್ದಾರೆಂದರೆ ಎಚ್ಚರವಾಗಿದ್ದಾರೆ ಎಂದೇ ಚಿಕ್ಕ ಮಗು ತಿಳಿಯುವುದರಿಂದ ಅಲ್ಲಿ ಇನ್ನಷ್ಟು ಬಿಡಿಸಿ ಹೇಳಬೇಕಾಗುತ್ತದೆ. ಆ ದಿನವಿಡೀ ಮಗುವಿನ ಜೊತೆಗಿರುವುದಕ್ಕೆ ಒಬ್ಬರನ್ನು ಗೊತ್ತುಮಾಡಿ. ಅವರು ಕರ್ಮಾಂಗದಲ್ಲಿ ತೊಡಗಿದವರಾಗಿರಬಾರದು, ಮಗು ‘ಸಾಕು’ ಎಂದ ಕೂಡಲೇ ಎದ್ದು ಹೊರಗೆ ಕರೆದೊಯ್ಯುವಂಥವರಾಗಿರಬೇಕು.

ಸ್ಮಶಾನಕ್ಕೆ ಕರೆದೊಯ್ಯುವುದಾದರೆ ದಹನದ ಬಗ್ಗೆ ಮುಂಚೆಯೇ ಮಾತಾಡಿ. ‘ಸುಡ್ತಾರೆ’ ಎಂದು ಕೇಳಿದ ಮಗುವಿನ ಮೊದಲ ಯೋಚನೆ ‘ಉರಿಯುತ್ತಲ್ಲ’ ಎಂಬುದೇ. ಸತ್ತ ದೇಹಕ್ಕೆ ಬಿಸಿ ಗೊತ್ತಾಗುವುದಿಲ್ಲ ಎಂಬುದನ್ನು ಹೇಳಿದ ಮೇಲೆಯೇ ಬೆಂಕಿಯ ವಿಷಯವನ್ನು ಎತ್ತಿ. ವಿದ್ಯುತ್ ಚಿತಾಗಾರದಲ್ಲಿ ಬಾಗಿಲು ತೆರೆದು ದೇಹ ಒಳಗೆ ಜಾರಿ ಬಾಗಿಲು ಮುಚ್ಚಿಕೊಳ್ಳುವುದು ಒಂದು ನಿಮಿಷದ ಕೆಲಸ. ಸದ್ದಿಗೆ ದೊಡ್ಡವರೇ ಬೆಚ್ಚುತ್ತಾರೆ. ಚಿಕ್ಕವರಿಗೆ ಅಲ್ಲಿಯವರೆಗೆ ಬರದೆ ಮನೆಯಿಂದಲೇ ಹೂವು ಹಾಕಿ ಕಳಿಸಿಕೊಡುವುದೂ ಸಾಕು. ಮಣ್ಣು ಮಾಡುವ ಪದ್ಧತಿಯಿರುವ ಮನೆಗಳಲ್ಲಿ, ಕ್ರೈಸ್ತರಲ್ಲಿ, ಮುಸ್ಲಿಮರಲ್ಲಿ ಬರುವ ಪ್ರಶ್ನೆ ಬೇರೆ: ‘ಒಳಗೆ ಉಸಿರು ಕಟ್ಟಲ್ವಾ?’ ಎಂಬುದು. ಉತ್ತರದ ದಾರಿ ಒಂದೇ. ಹೆಣ್ಣುಮಕ್ಕಳು ಸ್ಮಶಾನಕ್ಕೆ ಬರಬಾರದೆಂಬ ಕಟ್ಟುಪಾಡಿರುವ ಮನೆಯಲ್ಲಿ ಹದಿಮೂರರ ಹುಡುಗಿ ‘ನಾನ್ಯಾಕೆ ಬರಬಾರದು?’ ಎಂದು ಕೇಳಿದರೆ, ಬಾಯಿ ಮುಚ್ಚು ಎನ್ನುವ ಮೊದಲು ಒಮ್ಮೆ ಯೋಚಿಸಿ.

ಅತಿ ಹೆಚ್ಚು ಎಚ್ಚರ ಬೇಕಾದದ್ದು ಕರ್ಮ ಮಾಡಬೇಕಾದ ಹುಡುಗನ ವಿಷಯದಲ್ಲಿ. ಹತ್ತು-ಹನ್ನೆರಡು ವರ್ಷದ ಹುಡುಗ ಒದ್ದೆ ಪಂಚೆಯುಟ್ಟು, ಹೆಗಲ ಮೇಲೆ ನೀರಿನ ಮಡಕೆ ಹೊತ್ತು, ಹಿಂದಿನಿಂದ ಅದಕ್ಕೆ ತೂತು ಕೊರೆಯುತ್ತ ಬರುವವರೊಂದಿಗೆ ಅಪ್ಪನ ದೇಹವನ್ನು ಮೂರು ಸುತ್ತು ಸುತ್ತಿ, ಹಿಂತಿರುಗಿ ನೋಡದೆ ಕೊಳ್ಳಿಯಿಡಬೇಕಾಗುತ್ತದೆ. ಅವನು ಮಾಡಲು ಒಪ್ಪಿದರೆ ಪ್ರತಿಯೊಂದು ಕ್ರಿಯೆಯನ್ನೂ ಹಿಂದಿನ ರಾತ್ರಿಯೇ ವಿವರಿಸಿ, ಮಡಕೆ ಒಡೆಯುವ ಸದ್ದನ್ನೂ ಸೇರಿಸಿ. ಒಪ್ಪದಿದ್ದರೆ ಚಿಕ್ಕಪ್ಪ ಅವನಿಂದ ದರ್ಭೆ ಮುಟ್ಟಿಸಿಕೊಂಡು ಮಾಡುವ ಪದ್ಧತಿಯನ್ನು ಪುರೋಹಿತರೇ ಹೇಳುತ್ತಾರೆ, ಕೇಳಬೇಕು, ಅಷ್ಟೇ. ತಲೆ ಬೋಳಿಸಿಕೊಳ್ಳುವುದು ಮರಳಿ ಶಾಲೆಗೆ ಹೋಗುವ ಹುಡುಗನಿಗೆ ಏನೆಂಬುದು ಶಿಕ್ಷಕಿಯಾದ ನನಗೆ ಗೊತ್ತು: ಯಾರೂ ಏನನ್ನೂ ಕೇಳುವ ಮೊದಲೇ ಎಲ್ಲರಿಗೂ ಎಲ್ಲವೂ ತಿಳಿದಿರುತ್ತದೆ.

ಆ ಹದಿಮೂರು ದಿನಗಳಲ್ಲಿ ಬಂದುಹೋಗುವ ಪ್ರತಿಯೊಬ್ಬರೂ ಅವನ ಬೆನ್ನು ತಟ್ಟಿ ‘ಇನ್ಮೇಲೆ ನೀನೇ ಮನೆಯ ಯಜಮಾನ, ಅಮ್ಮನ್ನ ಚೆನ್ನಾಗಿ ನೋಡ್ಕೋಬೇಕು’ ಎನ್ನುತ್ತಾರೆ. ಆ ಮಾತನ್ನು ಅವನು ನಿಜವೆಂದೇ ತೆಗೆದುಕೊಳ್ಳುತ್ತಾನೆ. ಪ್ರತಿ ರಾತ್ರಿ ನೀವು ಅದನ್ನು ಬಿಚ್ಚಿ ಇಳಿಸಬೇಕು: ‘ಅವರು ಪ್ರೀತಿಗೆ ಹಾಗಂತಾರೆ. ಮನೆ ನೋಡ್ಕೊಳ್ಳೋದು ನನ್ನ ಕೆಲಸ. ನೀನು ಆರನೇ ಕ್ಲಾಸು.’

ಆರನೆಯ ಹೆಜ್ಜೆ: ಶಾಲೆಗೆ ಮರಳುವುದು

ಮಗು ಹೋಗುವ ಹಿಂದಿನ ದಿನ ತರಗತಿಯ ಶಿಕ್ಷಕರಿಗೆ ಫೋನ್ ಮಾಡಿ, ಏನಾಯಿತು, ಮಗುವಿಗೆ ಏನನ್ನು ಹೇಳಿದ್ದೇವೆ ಎಂಬುದನ್ನು ತಿಳಿಸಿ; ತರಗತಿಗೆ ತಿಳಿಸಬೇಕೇ ಬೇಡವೇ ಎಂಬುದನ್ನು ಮಗುವನ್ನೇ ಕೇಳಿ ಹೇಳಿ. ಗೆಳೆಯರು ಕೇಳಿದರೆ ಹೇಳಲು ಒಂದು ವಾಕ್ಯವನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ: ‘ನಮ್ಮಪ್ಪ ತೀರಿಕೊಂಡ್ರು, ಈಗ ಅದರ ಬಗ್ಗೆ ಮಾತಾಡಲ್ಲ.’ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ಸೆರಗು ಬಿಡದಿರುವುದು, ಹೊಟ್ಟೆನೋವು ಇವು ಕೆಲವು ವಾರ ಇರುತ್ತವೆ. ಮಗು ಹನ್ನೊಂದನೆಯ ದಿನವೇ ಕ್ರಿಕೆಟ್ ಆಡಲು ಹೋದರೆ ಅದಕ್ಕೆ ದುಃಖವಿಲ್ಲವೆಂದು ತಿಳಿಯಬೇಡಿ. ಮಕ್ಕಳು ದುಃಖದೊಳಗೆ ಇಳಿಯುತ್ತಾರೆ, ಹೊರಬರುತ್ತಾರೆ, ಮತ್ತೆ ಇಳಿಯುತ್ತಾರೆ.

ಏಳನೆಯ ಹೆಜ್ಜೆ: ಹದಿಹರೆಯದವರೊಂದಿಗೆ

ಇವರೊಂದಿಗೆ ಎದುರುಬದುರು ಕೂತು ‘ಬಾ, ಮಾತಾಡೋಣ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಮುಖ ನೋಡಬೇಕಾಗಿಲ್ಲದ ಕಡೆ ಅವರು ಬಾಯಿ ಬಿಡುತ್ತಾರೆ: ಸ್ಕೂಟರಿನ ಹಿಂದಿನ ಸೀಟಿನಲ್ಲಿ, ಅವರೆಕಾಯಿ ಸುಲಿಯುವಾಗ, ಕರೆಂಟು ಹೋದ ರಾತ್ರಿ ಮಹಡಿಯ ಮೇಲೆ. ನೀವೇ ಮೊದಲು ಸತ್ತವರ ಬಗ್ಗೆ ಏನಾದರೊಂದು ಚಿಕ್ಕ ಮಾತು ಆಡಿ ಬಿಟ್ಟುಬಿಡಿ, ಎತ್ತಿಕೊಳ್ಳುವುದು ಅವರಿಗೆ ಸೇರಿದ್ದು. ಎತ್ತಿಕೊಳ್ಳದಿದ್ದರೆ ಮತ್ತೊಂದು ದಿನ.

ಅವರನ್ನು ಹೆಚ್ಚಾಗಿ ತಿನ್ನುವುದು ಕೊನೆಯ ಜಗಳ. ಮೊಬೈಲಿಗಾಗಿ ಅಪ್ಪನ ಜೊತೆ ರಂಪ ಮಾಡಿ ಮಾತು ಬಿಟ್ಟ ಮೂರನೆಯ ದಿನ ಅಪಘಾತವಾಗಿರುತ್ತದೆ. ‘ಅದನ್ನೆಲ್ಲ ಮನಸ್ಸಿಗೆ ಹಚ್ಕೋಬೇಡ’ ಎಂಬುದು ಉತ್ತರವಲ್ಲ. ಪೂರ್ತಿ ಕೇಳಿಸಿಕೊಂಡು, ಆ ಜಗಳದ ಬಗ್ಗೆ ಅಪ್ಪ ನಿಮ್ಮ ಹತ್ತಿರ ಏನಾದರೂ ಹೇಳಿದ್ದರೆ ಅದನ್ನು ಇದ್ದಂತೆ ಹೇಳಿ. ಹಣದ ವಿಷಯವನ್ನೂ ಇವರಿಂದ ಮುಚ್ಚಿಡಬೇಡಿ. ಸಾಲವೆಷ್ಟು, ವಿಮೆಯಿದೆಯೇ, ಫೀಸು ಕಟ್ಟಲಾಗುತ್ತದೆಯೇ ಎಂಬುದನ್ನು ಅವರು ಗೋಡೆಯಾಚೆಯಿಂದ ಅರ್ಧ ಕೇಳಿಸಿಕೊಂಡು ಇನ್ನರ್ಧವನ್ನು ಕಲ್ಪಿಸಿಕೊಳ್ಳುವುದಕ್ಕಿಂತ ನೀವೇ ಹೇಳುವುದು ಮೇಲು.

ಎಂಟನೆಯ ಹೆಜ್ಜೆ: ಸಾವು ಆತ್ಮಹತ್ಯೆಯಿಂದಾಗಿದ್ದರೆ

‘ಹಾರ್ಟ್ ಅಟ್ಯಾಕ್’ ಎಂದು ಮಕ್ಕಳಿಗೆ ಹೇಳಿ ಮುಗಿಸುವ ಮನೆಗಳು ಅನೇಕ. ಊರಿಗೆಲ್ಲ ತಿಳಿದಿರುವ ವಿಷಯ ಮಗುವಿಗೂ ಒಂದು ದಿನ ತಿಳಿಯುತ್ತದೆ, ಅದೂ ಶಾಲೆಯ ಜಗಳವೊಂದರಲ್ಲಿ ಬೈಗುಳವಾಗಿ. ಚಿಕ್ಕವರಿಗೆ ಹೀಗೆ ಹೇಳಬಹುದು: ‘ಅಪ್ಪನ ಮನಸ್ಸಿಗೆ ತುಂಬ ದೊಡ್ಡ ಕಾಯಿಲೆಯಾಗಿತ್ತು. ಅದರಿಂದ ಅವರಿಗೆ ಸರಿಯಾಗಿ ಯೋಚನೆ ಮಾಡೋಕೆ ಆಗಲಿಲ್ಲ, ತಮ್ಮ ಪ್ರಾಣ ತಾವೇ ತೆಗೆದುಕೊಂಡ್ರು. ಅದಕ್ಕೆ ನೀನು ಕಾರಣ ಅಲ್ಲ, ನಾನೂ ಅಲ್ಲ.’ ಯಾವ ರೀತಿಯಲ್ಲಿ ಎಂಬ ವಿವರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲ, ಜಗಳ, ಅವಮಾನ ಎಂದು ಒಂದೇ ಕಾರಣಕ್ಕೆ ಕಟ್ಟಿಹಾಕಲೂ ಬೇಡಿ. ಮಗು ಮುಂದೆ ಅದೇ ಕಷ್ಟವನ್ನು ಕಂಡಾಗ ಅದೇ ದಾರಿಯನ್ನು ನೆನೆಯಬಾರದು. ಅವರು ಧೈರ್ಯ ತೋರಿದರು ಎಂದಾಗಲಿ, ಹೇಡಿಯಾದರು ಎಂದಾಗಲಿ ಹೇಳಬಾರದು.

ಹದಿಹರೆಯದ ಮಗ ಅಥವಾ ಮಗಳು ‘ನಾನೂ ಇರಬಾರದಿತ್ತು’ ಎಂಬಂಥ ಮಾತಾಡಿದರೆ, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ಗೆಳೆಯರನ್ನು ಪೂರ್ತಿ ಬಿಟ್ಟರೆ, ನೇರವಾಗಿ ಕೇಳಿ: ‘ಸಾಯಬೇಕು ಅಂತ ಯೋಚನೆ ಬರ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಸ್ಪಷ್ಟವಾಗಿ ಹೇಳಿದೆ. ಹೌದೆಂದರೆ ಬೈಯಬೇಡಿ, ಆಣೆ ಹಾಕಿಸಬೇಡಿ, ಒಂಟಿಯಾಗಿ ಬಿಡಬೇಡಿ. ಕೀಟನಾಶಕ ಮತ್ತು ಮಾತ್ರೆಗಳನ್ನು ಮನೆಯಿಂದ ತೆಗೆಯಿರಿ, ಅದೇ ದಿನ ವೈದ್ಯರ ಬಳಿಗೆ ಕರೆದೊಯ್ಯಿರಿ. ಪೊಲೀಸ್ ಕೇಸಾಗುತ್ತದೆಂಬ ಹೆದರಿಕೆ ಬೇಡ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೆಯ ಕಲಮು ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಿ ರಕ್ಷಣೆ ನೀಡಿದೆ.

ಒಂಬತ್ತನೆಯ ಹೆಜ್ಜೆ: ಹೊರಗಿನ ನೆರವು

ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ, ಉಚಿತವಾಗಿ, ಕನ್ನಡದಲ್ಲಿಯೂ ಮಾತಾಡಬಹುದು. ಮಕ್ಕಳ ಸಹಾಯವಾಣಿ 1098. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯಕ್ಕೆಂದೇ ವಿಭಾಗವಿದೆ; ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯರು ಸಿಗುತ್ತಾರೆ. ಎಷ್ಟು ದಿನ ಕಾಯಬೇಕು ಎಂಬುದಕ್ಕೆ ಒಂದು ಅಳತೆ ಬೇಕೆಂದರೆ: 2022ರಲ್ಲಿ ಪರಿಷ್ಕರಣೆಗೊಂಡ ಅಮೆರಿಕದ ಮನೋವೈದ್ಯಕೀಯ ಕೈಪಿಡಿ ಬಿಡದ ಶೋಕವನ್ನು ಗುರುತಿಸಲು ದೊಡ್ಡವರಿಗೆ 12 ತಿಂಗಳನ್ನೂ ಮಕ್ಕಳಿಗೆ 6 ತಿಂಗಳನ್ನೂ ಗಡುವಾಗಿ ಇಟ್ಟುಕೊಂಡಿದೆ. ಊಟ, ನಿದ್ದೆ, ಶಾಲೆ ಮೂರೂ ಕೆಟ್ಟಿದ್ದರೆ ಅಷ್ಟು ಕಾಯುವ ಅಗತ್ಯವಿಲ್ಲ.

ಸಾವಿಗೆ ಮೊದಲೇ, ಕಾಯಿಲೆ ವಾಸಿಯಾಗುವುದಿಲ್ಲವೆಂದು ವೈದ್ಯರು ಹೇಳಿದಾಗಲೇ ಈ ಮಾತನ್ನು ಆರಂಭಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಬೆಂಗಳೂರಿನ ಕರುಣಾಶ್ರಯದಂಥ ಉಪಶಾಮಕ ಆರೈಕೆಯ (ವಾಸಿಯಾಗದ ಕಾಯಿಲೆಯಲ್ಲಿ ನೋವು ಕಡಿಮೆ ಮಾಡುವ ಆರೈಕೆಯ) ಕೇಂದ್ರಗಳು ಬಳಲುತ್ತಿರುವವರೊಂದಿಗೆ ಮನೆಯವರನ್ನೂ ನೋಡಿಕೊಳ್ಳುತ್ತವೆ. ಮಕ್ಕಳಿಗೆ ಹೇಗೆ ಹೇಳುವುದೆಂದು ಅಂಥ ಕಡೆ ಕೇಳಲು ಸಂಕೋಚ ಬೇಡ.

ವರ್ಷಗಳಾಚೆ

ಮಗು ಬೆಳೆದಂತೆ ಅದೇ ಸಾವನ್ನು ಹೊಸದಾಗಿ ಅರ್ಥಮಾಡಿಕೊಳ್ಳುತ್ತದೆ, ಹೊಸ ಪ್ರಶ್ನೆಗಳನ್ನು ತರುತ್ತದೆ. ತಿಥಿ, ಮಹಾಲಯ ಅಮಾವಾಸ್ಯೆಯ ಎಡೆ, ಹುಟ್ಟುಹಬ್ಬ, ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಇವು ಆ ಪ್ರಶ್ನೆಗಳು ಏಳುವ ಸಮಯ. ಸತ್ತವರ ಹೆಸರನ್ನು ಮನೆಯಲ್ಲಿ ಎಂದಿನಂತೆ ಬಳಸುತ್ತಿರಿ, ಫೋಟೊವನ್ನು ಮಗುವಿನ ಕಣ್ಣಿಗೆ ಕಾಣುವ ಎತ್ತರದಲ್ಲಿ ಹಾಕಿ, ಅವರ ಒಂದು ವಸ್ತುವನ್ನು ಮಗುವೇ ಆರಿಸಿಕೊಳ್ಳಲು ಬಿಡಿ.

ಕಂಬಳಿಯ ಹುಡುಗನಿಗೆ ಈಗ ಒಂಬತ್ತು ವರ್ಷ. ಕಳೆದ ಪಿತೃಪಕ್ಷದಲ್ಲಿ ಎಡೆಯಲ್ಲಿ ಕಾಯಿಹೋಳಿಗೆ, ಕೋಡುಬಳೆ, ತಾತನ ನಶ್ಯದ ಡಬ್ಬಿ ಎಲ್ಲವನ್ನೂ ಇಟ್ಟು ಕಾಗೆಗೆ ಕಾಯುತ್ತಿದ್ದಾಗ ಅವನು ತಾಯಿಯನ್ನು ಕೇಳಿದ: ‘ಸತ್ತವರಿಗೆ ಹಸಿವಾಗಲ್ಲ ಅಂತ ನೀನೇ ಹೇಳಿದ್ದೆ. ಮತ್ತೆ ಇದೆಲ್ಲ ಯಾಕೆ?’ ಪುರೋಹಿತರು ನಕ್ಕರು. ಅವಳು ಸ್ವಲ್ಪ ತಡೆದು, ‘ತಾತಂಗೆ ಹಸಿವಾಗಲ್ಲ. ನಮಗೆ ಅವರಿಗೆ ಬಡಿಸಿ ಅಭ್ಯಾಸ’ ಎಂದಳು. ಹುಡುಗ ಎಲೆಯ ತುದಿಯಲ್ಲಿ ಇನ್ನೊಂದು ಕೋಡುಬಳೆ ಇಟ್ಟ.